ನೌಕರಿ ಬಿಟ್ಟು ಬೇರೆ ದುಡಿಮೆ: ದಾವಣಗೆರೆಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಜೆರಾಕ್ಸ್, ಪಹಣಿ, ಸ್ಕಾಲರ್‌ಶಿಪ್, ಎಲ್ಲಕ್ಕಿಂತ ಹೆಚ್ಚಾಗಿ ನೌಕರಿ ಅರ್ಜಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಕಾನ್‌ಸ್ಟೇಬಲ್, ಎಫ್‌ಡಿಎ, ಎಸ್‌ಡಿಎ, ಪಿಡಿಒ, ರೈಲ್ವೆ. ಮೊದಲ ಅರ್ಜಿ ಹಾಕಲು ಅಪ್ಪನ ಜೊತೆ ಬಂದಿದ್ದ ಹುಡುಗರು ಈಗ ತಮ್ಮ ಮಗುವನ್ನು ಎತ್ತಿಕೊಂಡು ಬಂದು ಮತ್ತೊಂದು ಅರ್ಜಿ ಹಾಕುತ್ತಾರೆ. ಪ್ರಿಂಟ್ ಹೊರಗೆ ಬರುವ ಆ ಎರಡು ನಿಮಿಷದಲ್ಲಿ ಮೆಲ್ಲಗೆ ಕೇಳುತ್ತಾರೆ: 'ಅಕ್ಕ, ಇದು ಆಗ್ಲಿಲ್ಲ ಅಂದ್ರೆ ಬೇರೆ ಏನಾದ್ರೂ ಐತಾ?' ಹಿಂದೆ ಸಾಲು ನಿಂತಿರುವಾಗ ಅದಕ್ಕೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಪರೀಕ್ಷೆ ಬರೆಯೋದು ಬಿಟ್ಟುಬಿಡ್ಲಾ ಅಕ್ಕ?

ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ. ಐದಾರು ವರ್ಷ ಬರೆದು ಕೊನೆಗೆ ಆಯ್ಕೆಯಾಗಿ ನನ್ನ ಕೌಂಟರಿಗೆ ಪೇಡಾ ತಂದುಕೊಟ್ಟವರಿದ್ದಾರೆ. ನಾನು ಹೇಳುವುದು ಇಷ್ಟೇ, ಒಂದು ತಾರೀಕು ಇಟ್ಟುಕೊಳ್ಳಿ. ಮುಂದಿನ ದೀಪಾವಳಿ ಅಂತಲೋ, ಇನ್ನೆರಡು ನೋಟಿಫಿಕೇಶನ್ ಅಂತಲೋ ಮನೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ಯಾಕೆಂದರೆ ಪರೀಕ್ಷೆಯ ತಾರೀಕು ನಿಮ್ಮ ಕೈಯಲ್ಲಿಲ್ಲ. 2021ರ ಅಕ್ಟೋಬರ್‌ನಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೆ ಯಾರೂ ಲೆಕ್ಕ ಕೊಡಲಿಲ್ಲ. ಆ ಎರಡು ವರ್ಷದಲ್ಲಿ ಅರ್ಧ ದಿನ ಓದಿ, ಅರ್ಧ ದಿನ ಮೊಬೈಲ್ ರಿಪೇರಿ ಕಲಿತ ಒಬ್ಬನನ್ನು ಬಲ್ಲೆ. ಮರುಪರೀಕ್ಷೆಯಲ್ಲೂ ಆಗಲಿಲ್ಲ, ಆದರೆ ಅಷ್ಟರಲ್ಲಿ ಅವನ ಟೇಬಲ್ ಮುಂದೆ ಗಿರಾಕಿ ಇದ್ದರು.

ನಮ್ಮೂರಲ್ಲಿ ಯಾವ ಬಿಸಿನೆಸ್ ಮಾಡಿದ್ರೆ ನಡೆಯುತ್ತೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಕೇಳುವ ರೀತಿಯಲ್ಲೇ ತಪ್ಪಿರುವ ಪ್ರಶ್ನೆಯೂ ಇದೇ. ಬಿಸಿನೆಸ್ಸನ್ನು ಮೊದಲು ಆರಿಸಿ ಆಮೇಲೆ ಗಿರಾಕಿ ಹುಡುಕಿದರೆ ಅಂಗಡಿ ಬಾಡಿಗೆಯೇ ನಿಮ್ಮನ್ನು ತಿನ್ನುತ್ತದೆ. ನಮ್ಮೂರಿಗೆ ದಿನಾ ಯಾರು ಬರುತ್ತಾರೆ, ಯಾತಕ್ಕೆ ಬರುತ್ತಾರೆ, ಬಂದಮೇಲೆ ಏನು ಸಿಗದೆ ಪರದಾಡುತ್ತಾರೆ, ಅದನ್ನು ಮೊದಲು ನೋಡಿ.

ದಾವಣಗೆರೆ ಹುಟ್ಟಿನಿಂದಲೇ ಇಂಥ ಊರು. ಹತ್ತಿ ಗಿರಣಿಗಳ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಬೆಣ್ಣೆ ದೋಸೆಯ ಬಗ್ಗೆ ಊರಲ್ಲಿ ಹೇಳಿಕೊಂಡು ಬಂದ ಕಥೆಯೂ ಹಾಗೇ ಇದೆ: 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ಹೊಟ್ಟೆಪಾಡಿಗೆ ದೋಸೆ ಹುಯ್ಯಲು ಶುರುಮಾಡಿದಳು. ಇವತ್ತು ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ನಮ್ಮೂರ ಹೆಸರು ಬರೆದುಕೊಂಡಿರುವ ತಿಂಡಿಗೆ ಮೂಲ ಒಬ್ಬ ತಾಯಿಯ ಒಲೆ. ಗಿರಣಿಗಳು ಮುಚ್ಚಿದವು, ದೋಸೆ, ಮಂಡಕ್ಕಿ, ಮೆಣಸಿನಕಾಯಿ ಉಳಿದವು. ಮಂಡಕ್ಕಿ ಭಟ್ಟಿಗಳಲ್ಲಿ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುವವರು ಇವತ್ತಿಗೂ ಬೆಳಗಿನ ಜಾವವೇ ಒಲೆ ಹಚ್ಚುತ್ತಾರೆ.

ಈಗ ಯಾರು ಬರುತ್ತಾರೆ? ಒಂದು, ಆಸ್ಪತ್ರೆಗೆ ಬರುವವರು. ಎರಡು ಮೆಡಿಕಲ್ ಕಾಲೇಜು, ಜಿಲ್ಲಾ ಆಸ್ಪತ್ರೆ, ಬೀದಿಬೀದಿಗೆ ನರ್ಸಿಂಗ್ ಹೋಮ್. ಹರಪನಹಳ್ಳಿ, ಜಗಳೂರು, ಹೊಳಲ್ಕೆರೆ ಕಡೆಯಿಂದಲೂ ಜನ ಇಲ್ಲಿಗೇ. ರೋಗಿಗೆ ಡಾಕ್ಟರ್ ಇದ್ದಾರೆ, ಜೊತೆಗೆ ಬಂದವರಿಗೆ ಯಾರಿದ್ದಾರೆ? ಆನಗೋಡು ಕಡೆಯ ಗಂಡ ಹೆಂಡತಿ ಒಂದು ಆಸ್ಪತ್ರೆಯ ಹತ್ತಿರ ಬೆಳಿಗ್ಗೆ ಆರಕ್ಕೆ ಗಂಜಿ, ಉಪ್ಪು ಖಾರ ಕಡಿಮೆ ಹಾಕಿದ ಸಾರು, ಬಿಸಿನೀರು ಇಟ್ಟುಕೊಂಡು ನಿಲ್ಲುತ್ತಾರೆ. ಫ್ಲಾಸ್ಕ್ ತಂದವರಿಗೆ ಬಿಸಿನೀರು ಪುಕ್ಕಟೆ. 'ನೀರಿಗೆ ಬಂದವರು ಗಂಜಿಗೂ ಬರ್ತಾರಕ್ಕ' ಅಂದಳು ಆಕೆ. ಈ ಒಂದು ಮಾತಿನಲ್ಲಿ ಇರುವ ವ್ಯಾಪಾರದ ತಿಳಿವಳಿಕೆ ದುಡ್ಡು ಕೊಟ್ಟು ಸೇರುವ ಯಾವ ಕೋರ್ಸಿನಲ್ಲೂ ನನಗೆ ಕಂಡಿಲ್ಲ.

ಎರಡು, ಕಾಲೇಜು ಹುಡುಗರು. ವಿದ್ಯಾನಗರ, ಹದಡಿ ರಸ್ತೆ ಕಡೆ ರೂಮು ಮಾಡಿಕೊಂಡವರಿಗೆ ಮನೆ ಊಟದ ಡಬ್ಬಿ, ಬಟ್ಟೆ ಇಸ್ತ್ರಿ, ಬೈಕ್ ಸರ್ವೀಸ್. ಮೂರು, ಮದುವೆ ಬಟ್ಟೆಗೆ ಬರುವವರು. ಸೀರೆ ಕೊಳ್ಳುವುದು ಒಂದು ಗಂಟೆಯ ಕೆಲಸ, ಅದಕ್ಕೆ ಫಾಲ್ಸ್, ಕುಚ್ಚು, ಬ್ಲೌಸು, ಆರಿ ವರ್ಕ್ ಮಾಡಿಸುವುದು ಹದಿನೈದು ದಿನದ ಓಡಾಟ. ನಾಲ್ಕು, ಎಪಿಎಂಸಿಗೆ ಬರುವ ರೈತರು. ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ತುಂಬ ಕಾಳು ಒಣಹಾಕಿರುತ್ತಾರೆ. ಮೋಡ ಕಂಡರೆ ಪ್ರಾಣ ಕೈಗೆ ಬರುತ್ತದೆ. ತಾಡಪಾಲು ಬಾಡಿಗೆಗೆ ಕೊಟ್ಟು ಮೂರು ತಿಂಗಳಲ್ಲಿ ವರ್ಷದ ಅರ್ಧ ಸಂಪಾದನೆ ಮಾಡುವವರನ್ನು ನೋಡಿದ್ದೇನೆ. ಚನ್ನಗಿರಿ ಕಡೆಯಾದರೆ ಅಡಿಕೆ ಸುಲಿಯುವ ಯಂತ್ರ, ಅದರ ರಿಪೇರಿ. ಜಗಳೂರು, ಚಳ್ಳಕೆರೆ ಕಡೆಯಾದರೆ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್. ಈ ಕೆಲಸ ಬಲ್ಲವನು ಬೇಸಿಗೆಯಲ್ಲಿ ಫೋನ್ ಎತ್ತಲು ಪುರುಸೊತ್ತಿಲ್ಲದೆ ಇರುತ್ತಾನೆ.

ಒಂದೇ ಕಸುಬಿನಲ್ಲಿ ಹನ್ನೆರಡು ತಿಂಗಳೂ ಸಂಬಳದ ಹಾಗೆ ದುಡ್ಡು ಬರಬೇಕು ಅಂತ ಕೂರಬೇಡಿ. ಸುಗ್ಗಿಗೊಂದು, ಮದುವೆ ಕಾಲಕ್ಕೊಂದು, ಮಳೆಗಾಲಕ್ಕೊಂದು ಅಂತ ಎರಡು ಮೂರು ಸೇರಿಸಿ ವರ್ಷ ತುಂಬಿಸುವವರೇ ಇಲ್ಲಿ ಜಾಸ್ತಿ.

ಕೈಯಲ್ಲಿ ದುಡ್ಡೇ ಇಲ್ಲ. ಶುರು ಹೇಗೆ?

ದುಡ್ಡಿಲ್ಲದಿರುವುದು ಶುರುವಿನಲ್ಲಿ ಒಳ್ಳೆಯದೇ, ತಪ್ಪಿದರೆ ಪೆಟ್ಟು ಚಿಕ್ಕದು. ಎರಡು ಸಾವಿರ ರೂಪಾಯಿಯೊಳಗೆ, ಅಂಗಡಿ ಹಿಡಿಯದೆ, ಬೋರ್ಡ್ ಬರೆಸದೆ, ಒಂದು ತಿಂಗಳು ಮಾಡಿ ನೋಡಿ. ಐದು ಮನೆಗೆ ಡಬ್ಬಿ, ಹತ್ತು ಬ್ಲೌಸು, ಬೀದಿಯ ನಾಲ್ಕು ಮಕ್ಕಳಿಗೆ ಗಣಿತ.

ಒಂದು ನೋಟ್‌ಬುಕ್ ಇಡಿ. ಬಂದವರ ಹೆಸರು ಬರೆಯಿರಿ. ಅದೇ ಗಿರಾಕಿ ಎರಡನೇ ಸಲ ತಾನಾಗಿ ಬಂದರೆ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ. ಮೊದಲ ಸಲ ನೆಂಟರು ಮುಲಾಜಿಗೆ ಬರುತ್ತಾರೆ, ಗೆಳೆಯರು ಪ್ರೀತಿಗೆ ಬರುತ್ತಾರೆ. ಎರಡನೇ ಸಲ ಬರುವುದು ಕೆಲಸ ಚೆನ್ನಾಗಿದ್ದರೆ ಮಾತ್ರ. ತಿಂಗಳ ಕೊನೆಗೆ ಇಪ್ಪತ್ತು ಹೆಸರಲ್ಲಿ ಎಂಟಕ್ಕೆ ಕೆಂಪು ಗೀಟು ಬಿದ್ದಿದ್ದರೆ ಮುಂದೆ ಹೋಗಿ. ಒಂದೂ ಬಿದ್ದಿಲ್ಲವಾದರೆ ಯಾವ ಬ್ಯಾಂಕಿನ ಸಾಲವೂ ನಿಮ್ಮನ್ನು ಎತ್ತಲಾರದು. ಸಾಲದ ಅರ್ಜಿ ಹಾಕಿಸಲು ಬಂದವರಿಗೆಲ್ಲ ನಾನು ಮೊದಲು ಈ ನೋಟ್‌ಬುಕ್ಕನ್ನೇ ಕೇಳುವುದು.

ರೇಟ್ ಎಷ್ಟು ಹಾಕಬೇಕು? ಜಾಸ್ತಿ ಹೇಳಿದ್ರೆ ಗಿರಾಕಿ ಬರಲ್ಲ ಅಂತ ಭಯ.

ಈ ಭಯವೇ ನಮ್ಮ ಹೆಣ್ಣುಮಕ್ಕಳ ದುಡಿಮೆಯನ್ನು ತಿಂದುಹಾಕುತ್ತಿದೆ. ಜೋಳದ ರೊಟ್ಟಿ ಮಾಡಿ ಮಾರುವ ಒಬ್ಬಾಕೆ ನನ್ನ ಬಳಿ ಬಂದು 'ದಿನಕ್ಕೆ ಸಾವಿರದ ನಾನೂರು ಬರುತ್ತೆ, ಆದ್ರೂ ತಿಂಗಳ ಕೊನೆಗೆ ಕೈ ಖಾಲಿ' ಅಂದರು. ಇಬ್ಬರೂ ಕೂತು ಬರೆದೆವು.

ಹತ್ತು ಕೆಜಿ ಜೋಳ, ಕೆಜಿಗೆ 50ರಂತೆ 500. ಗಿರಣಿ ಕೂಲಿ 60. ಗ್ಯಾಸ್ 130. ಪ್ಲಾಸ್ಟಿಕ್ ಕವರು 50. ಆಟೊ 80. ಒಟ್ಟು 820. ರೊಟ್ಟಿ ಬರುವುದು 180. ಅದರಲ್ಲಿ ಮುರಿದದ್ದು, ಸೀದದ್ದು ಹತ್ತು ತೆಗೆಯಿರಿ. 170 ರೊಟ್ಟಿ, ಒಂದಕ್ಕೆ 8 ರೂಪಾಯಿ, 1,360. ಕಳೆದರೆ ಉಳಿಯುವುದು 540. ಬೆಳಿಗ್ಗೆ ಐದಕ್ಕೆ ಎದ್ದು ಒಂದರವರೆಗೆ ಒಲೆ ಮುಂದೆ ಎಂಟು ಗಂಟೆ ಕೂತದ್ದಕ್ಕೆ ಗಂಟೆಗೆ 67 ರೂಪಾಯಿ. ಆಕೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು. ತನ್ನ ಕೂಲಿಯನ್ನು ಆಕೆ ಅಲ್ಲಿಯತನಕ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒಂದು ರೂಪಾಯಿ ಏರಿಸಿದರೆ ದಿನಕ್ಕೆ 170 ಹೆಚ್ಚು, ಉಳಿಕೆ 710. ಏರಿಸಿದರು. ಇಬ್ಬರು ಗಿರಾಕಿ ಬಿಟ್ಟರು, ಒಂದು ಖಾನಾವಳಿ ಹೊಸದಾಗಿ ಸೇರಿತು. ಆಮೇಲೆ ಜೊತೆಗೆ ಶೇಂಗಾ ಚಟ್ನಿಪುಡಿ ಇಟ್ಟರು. ನೂರು ಗ್ರಾಂ ಪೊಟ್ಟಣದಲ್ಲಿ ಸಿಗುವ ಲಾಭಕ್ಕೆ ಹಲವು ರೊಟ್ಟಿ ತಟ್ಟಬೇಕು, ಆದರೆ ಪುಡಿ ಮಾಡುವಾಗ ಬೆನ್ನು ನೋಯುವುದಿಲ್ಲ.

ನಿಮ್ಮದು ಯಾವುದೇ ಕಸುಬಿರಲಿ, ಹೀಗೇ ಬರೆಯಿರಿ. ಮನೆಯ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, ಕಮರ್ಷಿಯಲ್ ಸಿಲಿಂಡರ್ ದರದಲ್ಲೇ ಲೆಕ್ಕ ಹಾಕಿ. ಮಿಷನ್ ಸವಕಲು, ಕರೆಂಟು, ಫೋನ್ ರೀಚಾರ್ಜ್ ಸೇರಿಸಿ. ನಿಮ್ಮ ಗಂಟೆಗೊಂದು ಬೆಲೆ ಕಟ್ಟಿ ಅದನ್ನೂ ಖರ್ಚಿನ ಕಡೆ ಬರೆಯಿರಿ. ಆಮೇಲೆ ಉಳಿದದ್ದಕ್ಕೆ ಲಾಭ ಅನ್ನಿ.

ಸಾಲ ಮಾಡ್ಬಹುದಾ? ಯಾವ ಸ್ಕೀಮ್ ಒಳ್ಳೇದು?

ಕೆಂಪು ಗೀಟು ಬಿದ್ದಮೇಲೆ ಮಾಡಬಹುದು. ಅದಕ್ಕಿಂತ ಮೊದಲು ಬೇಡ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2018ರ ವಿಧಾನಸಭೆ ಚುನಾವಣೆ ಹತ್ತಿರ ಬಂದಾಗ ಪೋಸ್ಟರ್, ಕರಪತ್ರದ ಆರ್ಡರ್ ಸುರಿಯುತ್ತದೆ ಅಂತ ಖಾಸಗಿ ಫೈನಾನ್ಸಿನಿಂದ ಸಾಲ ಎತ್ತಿ ದೊಡ್ಡ ಕಲರ್ ಪ್ರಿಂಟರ್ ತಂದೆ. ಆರು ವಾರ ಕೆಲಸ ಇತ್ತು. ಕಂತು ಇಪ್ಪತ್ತೆರಡು ತಿಂಗಳು ಇತ್ತು. ಆ ಮಿಷನ್ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದೆ, ದಿನಾ ಬಾಗಿಲು ತೆಗೆದಾಗ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ತಾಳಿ ಸರ ಗಿರವಿ ಇಟ್ಟು ತೀರಿಸಿದೆ.

ಈಗ ಸ್ಕೀಮ್ ವಿಚಾರ. ಮುದ್ರಾ ಸಾಲ 2015ರಿಂದ ಇದೆ, ಅಡಮಾನ ಬೇಡ. ಶಿಶು ಅಂದರೆ 50 ಸಾವಿರದವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ. ಶಿಶುವಿನಿಂದಲೇ ಶುರು ಮಾಡಿ. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ದರ್ಜಿ ಹೀಗೆ 18 ಕಸುಬಿನವರಿಗೆ 2023ರಲ್ಲಿ ಪಿಎಂ ವಿಶ್ವಕರ್ಮ ಬಂತು. ತರಬೇತಿ, 15 ಸಾವಿರದ ಉಪಕರಣದ ನೆರವು, 5 ಪರ್ಸೆಂಟ್ ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದಮೇಲೆ 2 ಲಕ್ಷ. ಕುಲಕಸುಬು ಗೊತ್ತಿರುವವರಿಗೆ ಇದರಷ್ಟು ಹದವಾದ ಸಾಲ ಇನ್ನೊಂದಿಲ್ಲ. ತಳ್ಳುಗಾಡಿಯವರಿಗೆ ಸ್ವನಿಧಿ ಸಾಲ. ಹಪ್ಪಳ, ಚಟ್ನಿಪುಡಿ, ಎಣ್ಣೆಗಾಣ ಇಂಥ ಆಹಾರ ತಯಾರಿಕೆಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ. ಅದರಲ್ಲಿ ಯೋಜನೆಯ ಸಬ್ಸಿಡಿ 35 ಪರ್ಸೆಂಟ್, ಮೇಲೆ ರಾಜ್ಯ 15 ಪರ್ಸೆಂಟ್ ಸೇರಿಸುತ್ತದೆ. ಚಿತ್ರದುರ್ಗ ಜಿಲ್ಲೆಗೆ ಇದರಲ್ಲಿ ಗುರುತಿಸಿದ ಬೆಳೆ ಶೇಂಗಾ. ಚಳ್ಳಕೆರೆಯವರಿಗೆ ಎಣ್ಣೆ ತೆಗೆಯುವುದನ್ನು ಯಾರೂ ಕಲಿಸಬೇಕಿಲ್ಲ.

ಸಬ್ಸಿಡಿ ಅಂದರೆ ಕೈಗೆ ಬರುವ ನಗದು ಅಂತ ತಿಳಿದು ಮೋಸ ಹೋದವರು ಬಹಳ. ಹೊಸ ಘಟಕ ಹಾಕುವವರಿಗೆ ಸಬ್ಸಿಡಿ ಸಾಲ ಕೊಡುವ ಪಿಎಂಇಜಿಪಿ ಯೋಜನೆಯಲ್ಲಿ ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಠೇವಣಿಯಾಗಿ ಇರುತ್ತದೆ. ಘಟಕ ನಡೆಯುತ್ತಿದೆ ಅಂತ ಖಾತ್ರಿಯಾದಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಅಲ್ಲಿಯತನಕ ಕಂತು ನೀವೇ ಕಟ್ಟಬೇಕು. 'ಸಬ್ಸಿಡಿ ಮಾಡಿಸಿಕೊಡ್ತೀನಿ, ಹತ್ತು ಪರ್ಸೆಂಟ್ ಕೊಡಿ' ಅನ್ನುವವನ ಫೋನ್ ನಂಬರ್ ಬ್ಲಾಕ್ ಮಾಡಿ. ಅರ್ಜಿ ಹಾಕಲು ಯಾರ ಹಂಗೂ ಬೇಡ.

ವಾರದ ಕಂತಿನ ಮೈಕ್ರೋ ಫೈನಾನ್ಸ್ ಬಗ್ಗೆ ಒಂದೇ ಮಾತು. ಒಂದರ ಕಂತು ಕಟ್ಟಲು ಇನ್ನೊಂದರಿಂದ ಎತ್ತಬೇಡಿ. ಬಲವಂತದ ವಸೂಲಿಯಿಂದ ಜನ ಊರು ಬಿಡುವ ಸ್ಥಿತಿ ಬಂದು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮನೆ ಮುಂದೆ ಬಂದು ಬೈದರೆ, ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ, ಹೆದರಬೇಡಿ.

ಲೈಸೆನ್ಸು, ಜಿಎಸ್‌ಟಿ ಎಲ್ಲ ಬೇಕಾ?

ಮೊದಲ ತಿಂಗಳ ಪ್ರಯೋಗಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ತಿನ್ನುವ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲು ಮಾಡಿಸಿ. ಸಣ್ಣ ಪ್ರಮಾಣದವರಿಗೆ ದೊಡ್ಡ ಲೈಸೆನ್ಸ್ ಬೇಕಿಲ್ಲ, ಸಾಮಾನ್ಯ ನೋಂದಣಿ ಸಾಕು, ಶುಲ್ಕವೂ ಕಡಿಮೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ ನಕಲಿ ವೆಬ್‌ಸೈಟುಗಳಿವೆ, ಆಧಾರ್ ಹಾಕುವ ಮುಂಚೆ ಸರ್ಕಾರಿ ವಿಳಾಸವೇ ಹೌದಾ ನೋಡಿ. ಅಂಗಡಿ ಹಾಕಿದರೆ ಪಾಲಿಕೆಯ ಟ್ರೇಡ್ ಲೈಸೆನ್ಸ್.

ಜಿಎಸ್‌ಟಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದಮೇಲೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದಲ್ಲಿ ಅನೇಕರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಬರೆದರು. ಆ ವಾರ ನನ್ನ ಸೆಂಟರ್‌ಗೂ ಹೆದರಿಕೊಂಡು ಬಂದರು. ಹೂವು ಮಾರುವಾಕೆಗೆ ಯಾವ ಜಿಎಸ್‌ಟಿ? ತಾಜಾ ಹಣ್ಣು, ತರಕಾರಿ, ಹಾಲಿಗೆ ತೆರಿಗೆಯೇ ಇಲ್ಲ. ಸ್ಕ್ಯಾನರ್ ತೆಗೆಯಬೇಡಿ. ಬದಲಿಗೆ ಮನೆ ವ್ಯವಹಾರಕ್ಕೆ ಒಂದು ಖಾತೆ, ವ್ಯಾಪಾರಕ್ಕೆ ಇನ್ನೊಂದು ಖಾತೆ ಮಾಡಿ. ತಮ್ಮನಿಗೆ ಕೊಟ್ಟ ಕೈಗಡ ವಾಪಸು ಬಂದದ್ದು ವ್ಯಾಪಾರದ ಜಮೆ ಅಂತ ಕಂಡರೆ ಆಮೇಲೆ ವಿವರಿಸುವುದು ಕಷ್ಟ. ಬೇರೆ ರಾಜ್ಯಕ್ಕೆ ಸರಕು ಕಳಿಸಿ ಮಾರುವುದಾದರೆ ಮಾತ್ರ ಸಾಮಾನ್ಯವಾಗಿ ಮೊದಲಿಂದಲೇ ನೋಂದಣಿ ಬೇಕಾಗುತ್ತದೆ, ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿಯೇ ಇಳಿಯಿರಿ.

ಮನೇಲೇ ಕೂತು ಆನ್‌ಲೈನ್‌ನಲ್ಲಿ ದುಡಿಯೋದು ನಿಜಾನಾ?

ನಿಜ. ಆದರೆ ವಾಟ್ಸಾಪಿನಲ್ಲಿ 'ದಿನಕ್ಕೆ 3,000, ಟೈಪಿಂಗ್ ಕೆಲಸ' ಅಂತ ಬರುವುದು ನಿಜ ಅಲ್ಲ. ಅದು ನಡೆಯುವ ರೀತಿ ಯಾವಾಗಲೂ ಒಂದೇ. ಮೊದಲು ವಿಡಿಯೊ ಲೈಕ್ ಮಾಡಿಸಿ 150 ರೂಪಾಯಿ ಕೊಡುತ್ತಾರೆ. ನಂಬಿಕೆ ಹುಟ್ಟುತ್ತದೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ 'ಟಾಸ್ಕ್' ಅಂತ ಸಾವಿರ ಕಟ್ಟಿಸಿಕೊಂಡು ಸಾವಿರದ ಮುನ್ನೂರು ವಾಪಸು. ಮೂರನೇ ಸಲ ಐವತ್ತು ಸಾವಿರ ಹೋಗುತ್ತದೆ, ಅದು ಬರುವುದಿಲ್ಲ. ನರ್ಸಿಂಗ್ ಓದುವ ಒಬ್ಬಳು ಅಕ್ಕನ ಮದುವೆಗೆ ಇಟ್ಟ ದುಡ್ಡು ಹೀಗೆ ಕಳೆದುಕೊಂಡು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತದ್ದು ನನಗೆ ಮರೆಯಲು ಆಗಿಲ್ಲ. ದುಡ್ಡು ಹೋದ ತಕ್ಷಣ, ನಾಚಿಕೆ ಬಿಟ್ಟು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದ ಕೇಳಿದರೆ ಅದು ಕೆಲಸ ಅಲ್ಲ.

ನಿಜವಾದದ್ದು ಏನಿದೆ? ಮಂಡಿಪೇಟೆಯ ವ್ಯಾಪಾರಿಗಳಿಗೆ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಎಂಟ್ರಿ ಮಾಡಿಕೊಡುವ ಕೆಲಸ. ಬಿ.ಕಾಂ ಮುಗಿಸಿದ ಹೆಣ್ಣುಮಗಳೊಬ್ಬಳು ನಾಲ್ಕು ಅಂಗಡಿಯ ಬಿಲ್ಲುಗಳನ್ನು ಮನೆಗೆ ತರಿಸಿಕೊಂಡು ಮಾಡುತ್ತಾಳೆ. ಮದುವೆ ವಿಡಿಯೊ ಎಡಿಟಿಂಗ್, ಫೋಟೊಗ್ರಾಫರುಗಳು ಸೀಸನ್ನಿನಲ್ಲಿ ಕೆಲಸ ಹೊರಗೆ ಕೊಟ್ಟೇ ಕೊಡುತ್ತಾರೆ. ತಪ್ಪಿಲ್ಲದೆ ಕನ್ನಡ ಟೈಪ್ ಮಾಡುವುದು, ನುಡಿ ತಂತ್ರಾಂಶ ಮತ್ತು ಯೂನಿಕೋಡ್ ಎರಡರಲ್ಲೂ ಟೈಪಿಂಗ್ ಗೊತ್ತಿದ್ದರೆ ಕೆಲಸಕ್ಕೆ ಬರವಿಲ್ಲ. ಇಂಗ್ಲಿಷಿನಿಂದ ಅನುವಾದ, ಆನ್‌ಲೈನ್ ಟ್ಯೂಷನ್. ಇವೆಲ್ಲ ನಿಧಾನ. ಮೊದಲ ಆರು ತಿಂಗಳು ಪುಡಿಗಾಸು, ಆಮೇಲೆ ಒಬ್ಬರಿಂದೊಬ್ಬರಿಗೆ ಹೆಸರು ಹೋಗುತ್ತದೆ.

ಯೂಟ್ಯೂಬ್, ರೀಲ್ಸ್ ಬಗ್ಗೆ ಕೇಳುತ್ತಾರೆ. ಅದನ್ನೇ ನಂಬಬೇಡಿ, ಇರುವ ಕಸುಬಿಗೆ ಬೋರ್ಡಿನ ಹಾಗೆ ಬಳಸಿ. ಮೊಳಕಾಲ್ಮೂರು ಸೀರೆಯ ನೇಯ್ಗೆ, ಚಳ್ಳಕೆರೆಯ ಕರಿ ಕಂಬಳಿ ಇವನ್ನು ಮಗ್ಗದ ಮುಂದೆ ನಿಂತು ತೋರಿಸಿದರೆ ಬೆಂಗಳೂರಿನವರು ಕೇಳಿ ತರಿಸಿಕೊಳ್ಳುತ್ತಾರೆ. ನೇಕಾರರ ಮನೆಯ ಮಕ್ಕಳು ಈ ಕೆಲಸಕ್ಕೆ ಇಳಿಯಬೇಕು ಅಂತ ನನ್ನ ಬಹಳ ದಿನದ ಆಸೆ.

ಹೊಲ ಐತೆ. ಅದರ ಮೇಲೆ ಏನಾದ್ರೂ?

ಹಸು ಕಟ್ಟಿದರೆ ಹಾಲಿನ ಡೇರಿ ಇದೆ, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರಕ್ಕೂ ಶಿಮುಲ್ ಹಾಲು ಒಕ್ಕೂಟ. ವಾರವಾರ ಬರುವ ದುಡ್ಡಿನ ಸಮಾಧಾನ ಬೇರೆ ಯಾವುದರಲ್ಲೂ ಇಲ್ಲ, ಆದರೆ ಮೇವು ನಿಮ್ಮದೇ ಹೊಲದ್ದಾಗಿರಬೇಕು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ, ಹಿರಿಯೂರಿನ ಬಬ್ಬೂರು ಫಾರಂಗೋ ಒಂದು ದಿನ ಹೋಗಿ ಬನ್ನಿ. ಮರಿ ಕೊಡ್ತೀವಿ, ಸಸಿ ಕೊಡ್ತೀವಿ, ಬೆಳೆದಮೇಲೆ ನಾವೇ ಕೊಳ್ತೀವಿ ಅನ್ನುವ ಕಂಪನಿಗೆ ಮಾತ್ರ ಮುಂಗಡ ಕೊಡಬೇಡಿ. ಎಮು ಹಕ್ಕಿ ಸಾಕಿದವರ ಗತಿ ಏನಾಯಿತು ಅಂತ ನಿಮ್ಮ ಹಿರಿಯರನ್ನು ಕೇಳಿ.

ಡೆಲಿವರಿ ಕೆಲಸ, ಆಟೊ, ಟ್ಯಾಕ್ಸಿ?

ಕೈ ಖಾಲಿ ಇರುವಾಗ ಹಿಡಿಯಲು ಒಳ್ಳೆಯದು. ಪೆಟ್ರೋಲ್, ಟೈರು, ಸರ್ವೀಸ್ ಕಳೆದು ಉಳಿದದ್ದನ್ನು ಬರೆಯಿರಿ, ಆ್ಯಪ್ ತೋರಿಸುವ ಅಂಕಿಯನ್ನಲ್ಲ. ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ. ಕಂಪನಿಗಳು ಕಲ್ಯಾಣ ನಿಧಿಗೆ 1ರಿಂದ 5 ಪರ್ಸೆಂಟ್ ಕಟ್ಟಬೇಕು. ನಿಮ್ಮ ಹೆಸರು ನೋಂದಣಿ ಆಗಿದೆಯಾ ವಿಚಾರಿಸಿ.

ಹೆಣ್ಣು ಕೊಡಲ್ಲ ಅಂತಾರೆ. ಅಪ್ಪ 'ಎಲ್ಲಿ ಕೆಲಸ ಅಂತ ಹೇಳ್ಲಿ' ಅಂತಾರೆ. ಏನ್ ಮಾಡ್ಲಿ?

ಕೌಂಟರಿನ ಈ ಕಡೆ ನಿಂತು ಕೇಳುವಾಗ ಇದು ಎಷ್ಟು ನೋವಿನ ಪ್ರಶ್ನೆ ಅಂತ ನನಗೆ ಗೊತ್ತು. ಇಪ್ಪತ್ತೈದು ಸಾವಿರ ದುಡಿಯುವ ಬೈಕ್ ಮೆಕ್ಯಾನಿಕ್‌ಗೆ ಸಿಗದ ಸಂಬಂಧ ಬೆಂಗಳೂರಿನಲ್ಲಿ ಹದಿನೆಂಟು ಸಾವಿರಕ್ಕೆ ದುಡಿದು ಎಂಟು ಸಾವಿರ ರೂಮಿಗೆ ಕೊಡುವವನಿಗೆ ಸಿಗುತ್ತದೆ. ಇದು ತಪ್ಪು. ಹೆಣ್ಣು ಹೆತ್ತವರಿಗೂ ನಾನು ಇದನ್ನೇ ಹೇಳುತ್ತೇನೆ. ಆದರೆ ಅವರ ಅನುಮಾನಕ್ಕೂ ಕಾರಣವಿದೆ. ಸಂಬಳದವನಿಗೆ ಸ್ಲಿಪ್ ಇದೆ, ನಿಮಗೇನಿದೆ?

ಅದಕ್ಕೆ ಕಾಗದ ಮಾಡಿಕೊಳ್ಳಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ಪ್ರತಿ ವರ್ಷ ಐಟಿ ರಿಟರ್ನ್ ಸಲ್ಲಿಸಿ. ಮೂರು ವರ್ಷದ ರಿಟರ್ನ್ ಇದ್ದರೆ ಬ್ಯಾಂಕು ಮನೆ ಸಾಲಕ್ಕೂ ಮಾತಾಡಿಸುತ್ತದೆ. ಉದ್ಯಮ್ ಸರ್ಟಿಫಿಕೇಟ್ ಇರಲಿ, ಅಂಗಡಿಗೊಂದು ಹೆಸರಿರಲಿ. ತಿಂಗಳಿಗೊಮ್ಮೆ ಅಪ್ಪನ ಕೈಗೆ ಒಂದೇ ತಾರೀಕಿಗೆ ಒಂದೇ ಮೊತ್ತ ಕೊಡಿ, ಐದು ಸಾವಿರವೇ ಇರಲಿ. ಒಬ್ಬ ಹುಡುಗ ಪ್ರತಿ ತಿಂಗಳ ಐದಕ್ಕೆ ಹೀಗೆ ಕೊಡುತ್ತಾ ಬಂದ. ಹತ್ತನೇ ತಿಂಗಳಿಗೆ ಅವರಪ್ಪ ನನ್ನ ಅಂಗಡಿಗೆ ಬಂದು 'ನಮ್ಮ ಹುಡುಗಂದು ವಿಸಿಟಿಂಗ್ ಕಾರ್ಡ್ ಒಂದು ನೂರು ಹೊಡೆದುಕೊಡ್ರಿ, ನೆಂಟರಿಗೆ ಕೊಡಬೇಕು' ಅಂದರು.

ಮನೆಯಿಂದ ಹೊರಗೆ ಕಳಿಸಲ್ಲ. ಹೆಂಗಸರು ಏನು ಮಾಡಬಹುದು?

ಸಂಘಕ್ಕೆ ಸೇರಿ. ಹಳ್ಳಿಯಲ್ಲಾದರೆ ಸಂಜೀವಿನಿ ಒಕ್ಕೂಟ, ಸ್ತ್ರೀಶಕ್ತಿ ಗುಂಪು. ಸಾಲಕ್ಕಿಂತ ಹೆಚ್ಚಾಗಿ, ಮನೆಯಿಂದ ಹೊರಗೆ ಹೋಗಲು ಅದೊಂದು ಒಪ್ಪಿತವಾದ ಕಾರಣ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದ್ದರಿಂದ ಸಂತೇಬೆನ್ನೂರಿನಿಂದ ಬಂದು ಚೌಕಿಪೇಟೆಯಲ್ಲಿ ದಾರ, ಲೈನಿಂಗ್ ಬಟ್ಟೆ ಹೋಲ್‌ಸೇಲ್ ದರಕ್ಕೆ ಕೊಂಡು ಸಂಜೆಯೊಳಗೆ ವಾಪಸಾಗುವವರನ್ನು ನೋಡುತ್ತೇನೆ. ಮೊದಲು ಬಸ್ ಚಾರ್ಜಿಗೇ ಲಾಭ ಹೋಗುತ್ತಿತ್ತು. ಇನ್ನೊಂದು ಮಾತು, ದುಡಿದ ದುಡ್ಡು ನಿಮ್ಮ ಹೆಸರಿನ ಖಾತೆಗೇ ಬರಲಿ. ಗಂಡನ ಫೋನಿನ ಸ್ಕ್ಯಾನರ್ ಇಟ್ಟು ವ್ಯಾಪಾರ ಮಾಡಬೇಡಿ.

ಪಿಎಫ್ ಇಲ್ಲ, ಪೆನ್ಶನ್ ಇಲ್ಲ. ಕಾಯಿಲೆ ಬಂದ್ರೆ?

ಇದಕ್ಕೆ ಇವತ್ತೇ ಅರ್ಧ ಗಂಟೆ ಕೊಡಿ. ಬ್ಯಾಂಕಿಗೆ ಹೋಗಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಎರಡಕ್ಕೂ ಸಹಿ ಹಾಕಿ. ಎರಡೂ 2 ಲಕ್ಷದ ವಿಮೆ. ನಲವತ್ತು ದಾಟಿಲ್ಲದಿದ್ದರೆ, ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ, ಅಟಲ್ ಪೆನ್ಶನ್. ಅರವತ್ತರ ಮೇಲೆ ತಿಂಗಳಿಗೆ 1,000ದಿಂದ 5,000 ಬರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿ ಇಟ್ಟುಕೊಳ್ಳಿ, ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ಅಲ್ಲ. ಇದಲ್ಲದೆ ಮೂರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿ ಮುಟ್ಟದೆ ಇಡಿ. ಚೀಟಿ ಹಾಕುವವರು ಚೀಟಿಯನ್ನೇ ಉಳಿತಾಯ ಅಂದುಕೊಂಡಿರುತ್ತಾರೆ. ಚೀಟಿ ನಡೆಸುವವನು ಓಡಿಹೋದರೆ ಅದೂ ಇಲ್ಲ.

ಕೆಲಸ ಕಲಿಯೋದು ಎಲ್ಲಿ? ಕೋರ್ಸಿಗೆ 30 ಸಾವಿರ ಕೇಳ್ತಾರೆ.

ಕೊಡಬೇಡಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ಚಿತ್ರದುರ್ಗದಲ್ಲಿದೆ. ಅದೇ ಮಾದರಿಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಬೇರೆ ಜಿಲ್ಲೆಗಳಲ್ಲೂ ಇವೆ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ, ಫೋಟೊಗ್ರಫಿ, ಬ್ಯೂಟಿ ಪಾರ್ಲರ್. ಊಟ, ವಸತಿ, ತರಬೇತಿ ಎಲ್ಲ ಉಚಿತ, ಸಾಲಕ್ಕೂ ದಾರಿ ತೋರಿಸುತ್ತಾರೆ. ಅಲ್ಲಿಂದ ಬಂದಮೇಲೆ ಆರು ತಿಂಗಳು ಯಾರದಾದರೂ ಅಂಗಡಿಯಲ್ಲಿ ಕೈ ಕೆಳಗೆ ದುಡಿಯಿರಿ. ಬೇಡಿಕೆ ಇಟ್ಟು ಸಂಬಳಕ್ಕೆ ಜಗ್ಗಾಡಬೇಡಿ, ಗಿರಾಕಿಯ ಜೊತೆ ಮಾತಾಡುವುದನ್ನು ಅಲ್ಲಿಯೇ ಕಲಿಯುವುದು.

ಶುರು ಮಾಡಿದೆ, ನಡೀತಿಲ್ಲ. ಎಷ್ಟು ದಿನ ಕಾಯ್ಬೇಕು?

ಪರೀಕ್ಷೆಗೆ ಇಟ್ಟ ಹಾಗೆ ಇದಕ್ಕೂ ತಾರೀಕು ಇಡಿ. ಆರು ತಿಂಗಳು. ಅಷ್ಟರಲ್ಲಿ ನಿಮ್ಮ ಕೂಲಿ ಹುಟ್ಟದಿದ್ದರೆ, ಬಾಡಿಗೆ ಕೈಯಿಂದ ಹಾಕುತ್ತಿದ್ದರೆ, ಮಿಷನ್ ಮಾರಿ ಮುಚ್ಚಿ. ಮುಚ್ಚುವ ಮುಂಚೆ ನೋಟ್‌ಬುಕ್ ತೆಗೆದು ಎರಡನೇ ಸಲ ಬಂದವರು ಯಾತಕ್ಕೆ ಬಂದಿದ್ದರು ಅಂತ ನೋಡಿ. ಕ್ಲೌಡ್ ಕಿಚನ್, ಅಂದರೆ ಕೂತು ತಿನ್ನುವ ಜಾಗವಿಲ್ಲದೆ ಆರ್ಡರಿಗೆ ಮಾತ್ರ ಮಾಡುವ ಅಡುಗೆಮನೆ, ಅಂತ ಬಿರಿಯಾನಿ ಶುರು ಮಾಡಿದ ಇಬ್ಬರು ಗೆಳೆಯರ ನೋಟ್‌ಬುಕ್ ನೋಡಿದಾಗ ಕೆಂಪು ಗೀಟೆಲ್ಲ ಬಿದ್ದದ್ದು ಸಂಜೆಯ ಗಿರ್ಮಿಟ್ಟಿಗೆ, ಅದೂ ಹುಡುಗರ ಹಾಸ್ಟೆಲ್‌ನಿಂದ. ಬಿರಿಯಾನಿ ನಿಲ್ಲಿಸಿದರು, ಬಾಡಿಗೆಯ ಕಿಚನ್ ಬಿಟ್ಟರು. ಈಗ ಒಂದು ಗಾಡಿ, ಸಂಜೆ ನಾಲ್ಕರಿಂದ ಒಂಬತ್ತು. ಒಬ್ಬ ಬೆಳಿಗ್ಗೆ ಲೈಬ್ರರಿಯಲ್ಲಿ ಓದುತ್ತಾನೆ, ಮೊನ್ನೆ ಕೂಡ ನನ್ನ ಹತ್ತಿರ ಒಂದು ಅರ್ಜಿ ಹಾಕಿಸಿದ.

ನಿಮ್ಮ ಲೆಕ್ಕ ನೋಡಬೇಕು ಅಂದರೆ ಮಧ್ಯಾಹ್ನ ಎರಡರಿಂದ ಮೂರೂವರೆಯೊಳಗೆ ಬನ್ನಿ, ಆಗ ಸಾಲು ಇರುವುದಿಲ್ಲ. ನೋಟ್‌ಬುಕ್ ಮರೆಯದೆ ತನ್ನಿ.